ವಿಲ್ಲು ಬರೆಸೋ ಮುಂಚೆ ಹೆಣ್ಣುಮಕ್ಕಳನ್ನ ಮನೆಗೆ ಕರೀರಿ



ಈ ಸಲ ತೆಂಗಿನ ಬಿಳಿನೊಣದ ವಿಚಾರ ಇಲ್ಲ, ಕೊಬ್ಬರಿ ರೇಟೂ ಇಲ್ಲ. ಹೋದ ತಿಂಗಳು ಪೌತಿ ಖಾತೆ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದಷ್ಟು ಫೋನು, ಮೆಸೇಜು ಗೊಬ್ಬರದ ಬಗ್ಗೆ ಬರೆದಾಗ ಯಾವತ್ತೂ ಬಂದಿರಲಿಲ್ಲ. ಕೇಳಿದವರೆಲ್ಲ ಗಂಡಸರೇ. ಕೇಳಿದ್ದೂ ಸುತ್ತಿ ಬಳಸಿ ಒಂದೇ ಪ್ರಶ್ನೆ. "ಅಣ್ಣ, ಅಪ್ಪನ ಕೈಲಿ ಒಂದು ವಿಲ್ಲು ಬರೆಸಿಬಿಟ್ರೆ ಅಕ್ಕತಂಗೀರ ತಕರಾರು ಇರೋಲ್ಲ ಅಲ್ವಾ?"

ನಾನು ವಕೀಲ ಅಲ್ಲ, ಎಸ್ಸೆಸ್ಸೆಲ್ಸಿ ಪಾಸಾಗಿ ನೇಗಿಲು ಹಿಡಿದವನು. ಆದರೆ ನಮ್ಮ ಮನೆ ಪಾಲಿಗೆ, ಊರಲ್ಲಿ ಇನ್ನೂ ನಾಲ್ಕಾರು ಮನೆಯವರ ಪಾಲಿಗೆ ಸಾಕ್ಷಿಯಾಗಿ ಓಡಾಡಿ ನಾಡಕಚೇರಿ, ಸಬ್ ರಿಜಿಸ್ಟ್ರಾರ್ ಆಫೀಸು, ತಾಲೂಕು ಕೋರ್ಟು ಮೂರೂ ಕಡೆ ಬೆಂಚು ಸವೆಸಿದೀನಿ. ಗೊತ್ತಿಲ್ಲದ್ದನ್ನ ಗೊತ್ತಿರೋ ವಕೀಲರ ಹತ್ತಿರ ಕೇಳಿ ತಿಳ್ಕೊಂಡಿದೀನಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಬೇಜಾರಾದವರು ಇಲ್ಲಿಗೇ ನಿಲ್ಲಿಸಬಹುದು. ಹೆಣ್ಣುಮಕ್ಕಳಿಗೆ ಗೊತ್ತಾಗದ ಹಾಗೆ ಅಪ್ಪನ ಕೈಲಿ ಬರೆಸೋ ವಿಲ್ಲಿನಿಂದ ಮಗನಿಗೆ ಸಿಗೋದು ಜಮೀನಲ್ಲ, ಕೇಸು. ಪಾಲು ಏನೇ ಮಾಡೋದಿದ್ರೂ ಅಪ್ಪ ಬದುಕಿರುವಾಗ, ಎಲ್ಲ ಮಕ್ಕಳನ್ನೂ ಎದುರಿಗೆ ಕೂರಿಸಿಕೊಂಡು ಮಾಡಬೇಕು.

ಯಾಕೆ ಅಂತ ಲೆಕ್ಕದಲ್ಲೇ ತೋರಿಸ್ತೀನಿ.

ಒಬ್ಬ ರೈತ ಇದ್ದಾನೆ ಅಂತ ಇಟ್ಕೊಳ್ಳಿ. ಹೆಂಡತಿ ಮೊದಲೇ ತೀರಿಹೋಗಿದ್ದಾಳೆ. ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ನಾಲ್ಕು ಎಕರೆ ಪಿತ್ರಾರ್ಜಿತ ಜಮೀನು. "ನನ್ನ ನಾಲ್ಕು ಎಕರೆಯೂ ಮಗನಿಗೆ" ಅಂತ ವಿಲ್ಲು ರಿಜಿಸ್ಟರ್ ಮಾಡಿಸಿ ಕಣ್ಮುಚ್ಚಿದ. ಮಗನಿಗೆ ಎಷ್ಟು ಬರುತ್ತೆ? ನಾಲ್ಕು ಎಕರೆ ಅಂತ ಊರೆಲ್ಲ ಅಂದುಕೊಳ್ಳುತ್ತೆ. ಕಾನೂನು ಪ್ರಕಾರ ಬರೋದು ಎರಡು ಎಕರೆ. ಪಿತ್ರಾರ್ಜಿತದಲ್ಲಿ ಅಪ್ಪನಿಗೆ ಒಂದು ಪಾಲು, ಮೂವರು ಮಕ್ಕಳಿಗೆ ಹುಟ್ಟಿನಿಂದಲೇ ಒಂದೊಂದು ಪಾಲು. ಅಪ್ಪ ವಿಲ್ಲು ಬರೆಯೋಕೆ ಆಗೋದು ತನ್ನ ಒಂದು ಎಕರೆಗೆ ಮಾತ್ರ. ಆ ಒಂದು ಮಗನಿಗೆ ಹೋಗುತ್ತೆ, ಮಗನದೇ ಒಂದು ಇದೆ, ಅಲ್ಲಿಗೆ ಎರಡು. ಉಳಿದ ಎರಡು ಎಕರೆ ಹೆಣ್ಣುಮಕ್ಕಳದು. ವಿಲ್ಲೇ ಬರೆಯದೆ ಹೋಗಿದ್ರೆ ಮೂವರಿಗೂ ಒಂದು ಎಕರೆ ಹದಿಮೂರು ಗುಂಟೆ ಚಿಲ್ಲರೆ ಬರ್ತಿತ್ತು. ಅಂದ್ರೆ ಅಷ್ಟೆಲ್ಲ ಗುಟ್ಟು ಮಾಡಿ ಬರೆಸಿದ ವಿಲ್ಲಿಂದ ಮಗನಿಗೆ ಜಾಸ್ತಿ ಸಿಕ್ಕಿದ್ದು ಇಪ್ಪತ್ತಾರು ಇಪ್ಪತ್ತೇಳು ಗುಂಟೆ. ಅದಕ್ಕೆ ಕಳೆದುಕೊಂಡಿದ್ದು ಇಬ್ಬರು ಅಕ್ಕತಂಗೀರನ್ನ.

ಇಲ್ಲಿ ಪಿತ್ರಾರ್ಜಿತ ಅನ್ನೋ ಪದವನ್ನ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಇದರಲ್ಲೇ ಅರ್ಧ ಜಗಳ. "ಅಪ್ಪನಿಂದ ಬಂದಿದ್ದೆಲ್ಲ ಪಿತ್ರಾರ್ಜಿತ" ಅಂತ ನಾವು ಅಂದುಕೊಂಡಿದೀವಿ. ಹಾಗಿಲ್ಲ. ನಿಮ್ಮ ತಾತ ತಾನು ದುಡಿದು ಒಂದು ಹೊಲ ಕ್ರಯಕ್ಕೆ ತಗೊಂಡಿದ್ದ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ವಿಲ್ಲು ಬರೆಯದೆ ತೀರಿಕೊಂಡ, ಆ ಹೊಲದಲ್ಲಿ ನಿಮ್ಮ ಅಪ್ಪನಿಗೆ ಒಂದು ಪಾಲು ಬಂತು. ಆ ಪಾಲು ಅಪ್ಪನ ಸ್ವಂತದ್ದು. ಅದರಲ್ಲಿ ನಿಮಗೆ ಹುಟ್ಟಿನಿಂದ ಹಕ್ಕಿಲ್ಲ. 1986ರಲ್ಲಿ ಚಂದರ್ ಸೇನ್ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನ ಹೇಳಿ ಬಹಳ ವರ್ಷವಾಯ್ತು. ಅಪ್ಪ ಆ ಪಾಲನ್ನ ಮಾರಬಹುದು, ಯಾರಿಗೆ ಬೇಕಾದರೂ ವಿಲ್ಲು ಬರೆಯಬಹುದು. ಮುತ್ತಾತನ ಕಾಲದಿಂದ ಒಟ್ಟು ಕುಟುಂಬದ್ದಾಗಿ ನಡೆದುಕೊಂಡು ಬಂದಿರೋದು, ಒಟ್ಟು ಕುಟುಂಬದ ಆದಾಯದಿಂದ ತಗೊಂಡಿರೋದು, ಇವುಗಳ ಲೆಕ್ಕ ಬೇರೆ. ಹಾಗಾಗಿ ಯಾರಾದ್ರೂ ವಿಲ್ಲು ಅಂತ ಬಾಯಿಬಿಟ್ರೆ ನಾನು ಮೊದಲು ಕೇಳೋದು, ಆ ಸರ್ವೆ ನಂಬರು ಮನೆಗೆ ಹೇಗೆ ಬಂತು, ಹಳೇ ಕ್ರಯಪತ್ರ ಇದೆಯಾ, ಮ್ಯುಟೇಶನ್ ನಂಬರು ಏನು ಅಂತ. ಅದು ಗೊತ್ತಿಲ್ಲದೆ ಪತ್ರ ಬರಹಗಾರರ ಹತ್ತಿರ ಹೋಗೋದು, ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಸುರಿದ ಹಾಗೆ.

ಇನ್ನು ಹೆಣ್ಣುಮಕ್ಕಳ ಹಕ್ಕು ಇವತ್ತು ನಿನ್ನೆ ಬಂದದ್ದು ಅಂತ ತಿಳ್ಕೊಂಡವರಿಗೆ ಒಂದು ಮಾತು. ಅಪ್ಪನ ಸ್ವಯಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಪಾಲು ಅಂತ 1956ರಲ್ಲೇ ಆಗಿದೆ. ಪಿತ್ರಾರ್ಜಿತದಲ್ಲಿ ನಮ್ಮ ರಾಜ್ಯ 1994ರಲ್ಲೇ ಹಕ್ಕು ಕೊಟ್ಟಿತ್ತು, ಆದರೆ ಆ ಹೊತ್ತಿಗೆ ಮದುವೆಯಾಗಿದ್ದವರನ್ನ ಬಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಜಾರಿಗೆ ಬಂದು, ಮದುವೆಯಾಗಿರಲಿ ಬಿಡಲಿ, ಮಗಳಿಗೂ ಮಗನಿಗೂ ಒಂದೇ ಹಕ್ಕು ಅಂತಾಯ್ತು. ಆಮೇಲೂ "ನಮ್ಮಪ್ಪ 2005ಕ್ಕೆ ಮೊದಲೇ ತೀರಿಹೋಗಿದ್ದಾರೆ, ನಮಗೆ ಅನ್ವಯಿಸೋಲ್ಲ" ಅಂತ ಹೇಳ್ತಾ ಇದ್ರು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಕೇಸಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅದಕ್ಕೂ ತೆರೆ ಎಳೆಯಿತು. ಹಕ್ಕು ಹುಟ್ಟಿನಿಂದ ಬರೋದು, 2005ರಲ್ಲಿ ಅಪ್ಪ ಬದುಕಿರಲೇಬೇಕು ಅಂತಿಲ್ಲ.

ಹಾಗಾದ್ರೆ ಹಳೇ ಪಾಲು ಎಲ್ಲ ಬಿದ್ದುಹೋಗುತ್ತಾ? ಇಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ಆದ ವಿಭಾಗಪತ್ರ, ಕೋರ್ಟು ಡಿಕ್ರಿ, ಆಗಿಹೋದ ಮಾರಾಟ ಇವೆಲ್ಲ ಹಾಗೇ ಇರ್ತವೆ. ತೊಂದರೆ ಇರೋದು ನಮ್ಮ ಕಡೆಯ ಪಂಚಾಯ್ತಿ ಪಾರಿಖತ್ತಿಗೆ. ಅರಳೀಕಟ್ಟೆ ಮೇಲೆ ಐದು ಜನ ಕೂತು ಬಿಳಿ ಹಾಳೇಲಿ ಬರೆದಿದ್ದು, ಅಥವಾ ಬರೆಯದೇ "ಆ ಬದುವಿಂದಾಚೆ ನಿಂದು, ಈಚೆ ನಂದು" ಅಂತ ಬಾಯಲ್ಲಿ ಆಗಿದ್ದು. ಅಂಥ ಬಾಯಿಮಾತಿನ ಪಾಲನ್ನ ಮುಂದಿಟ್ಟು ಹೆಣ್ಣುಮಗಳನ್ನ ಆಚೆ ಹಾಕೋಕೆ ಆಗೋಲ್ಲ. ಆಗಿಂದಲೇ ಖಾತೆ, ಕಂದಾಯ ಬೇರೆ ಬೇರೆ ಆಗಿರೋ ಸರ್ಕಾರಿ ದಾಖಲೆ ಗಟ್ಟಿಯಾಗಿದ್ರೆ ಮಾತ್ರ, ಅದೂ ಅಪರೂಪಕ್ಕೆ, ಕೋರ್ಟು ಒಪ್ಪುತ್ತೆ.

"ಇಪ್ಪತ್ತು ವರ್ಷದಿಂದ ನಾನೇ ಉಳ್ತಿದೀನಿ, ಪಹಣೀಲಿ ನನ್ನೊಬ್ಬನದೇ ಹೆಸರಿದೆ" ಅಂತ ಒಬ್ಬರು ಜೋರಾಗೇ ಕೇಳಿದ್ರು. ಒಟ್ಟು ಆಸ್ತಿಯಲ್ಲಿ ಒಬ್ಬರು ಉತ್ತರೆ ಎಲ್ಲರೂ ಉತ್ತ ಹಾಗೇ ಲೆಕ್ಕ. ಪಹಣಿ, ಖಾತೆ ಎರಡೂ ಕಂದಾಯಕ್ಕೆ ಇರೋದು. ತಪ್ಪು ಅಂತ ಯಾರಾದ್ರೂ ಸಾಬೀತು ಮಾಡೋವರೆಗೆ ಅದನ್ನ ಸರಿ ಅಂತ ತಗೊಳ್ತಾರೆ, ಅಷ್ಟೇ. ಖಾತೆ ಒಬ್ಬನ ಹೆಸರಿಗೆ ಬಂದ ತಕ್ಷಣ ಮಿಕ್ಕವರ ಹಕ್ಕು ಕರಗಿಹೋಗೋಲ್ಲ.

ಈಗ ನಮ್ಮ ಗಂಡಸರ ಕಡೆ ಮಾತಿಗೆ ಬರ್ತೀನಿ, ಯಾಕಂದ್ರೆ ಅದರಲ್ಲೂ ನ್ಯಾಯ ಇಲ್ಲದೆ ಇಲ್ಲ. ಊರಲ್ಲಿ ಉಳಿದು ಮಣ್ಣು ಹೊತ್ತವನು ಮಗ. ಬೋರು ಕೊರೆಸಿ ನೀರು ಬರದೆ ಸಾಲ ಹೊತ್ತವನು ಅವನೇ. ಅಪ್ಪನಿಗೆ ಲಕ್ವ ಹೊಡೆದಾಗ ಮೂರು ವರ್ಷ ಸೊಸೆ ಎತ್ತಿ ಇಳಿಸಿದಾಳೆ. ಅಕ್ಕನ ಮದುವೆಗೆ ಮಾಡಿದ ಸಾಲ ತಮ್ಮ ತೀರಿಸಿದಾನೆ. ಇಷ್ಟೆಲ್ಲ ಆದಮೇಲೆ, ರಸ್ತೆ ಪಕ್ಕದ ಜಮೀನಿಗೆ ರೇಟು ಬಂದ ವರ್ಷವೇ ಭಾವ ಬಂದು "ನಮ್ಮದೊಂದು ಪಾಲು" ಅಂದ್ರೆ ಹೊಟ್ಟೆ ಉರಿಯೋಲ್ವಾ? ಉರಿಯುತ್ತೆ. ನಾನು ಇಲ್ಲ ಅನ್ನೋಲ್ಲ.

ಆದರೆ ಮದುವೆ ಖರ್ಚಿಗೂ ಪಾಲಿಗೂ ಕಾನೂನು ಗಂಟು ಹಾಕೋಲ್ಲ. ಅಷ್ಟಕ್ಕೂ ಮಗನ ಮದುವೆಗೂ ಖರ್ಚಾಗಿರುತ್ತೆ, ಅದನ್ನ ಯಾರೂ ಪಾಲಲ್ಲಿ ಕಳೆದಿದ್ದು ನಾನು ನೋಡಿಲ್ಲ. ಮತ್ತೆ ಅಪ್ಪನನ್ನ ನೋಡ್ಕೊಂಡಿದ್ದು, ಬೋರಿನ ಸಾಲ, ಸೊಸೆ ಪಟ್ಟ ಕಷ್ಟ ಇದೆಲ್ಲ ಎದುರಾಎದುರು ಕೂತಾಗ ಹೇಳಿದ್ರೆ ಹೆಣ್ಣುಮಕ್ಕಳು ಕೇಳ್ತಾರೆ. ನಮ್ಮ ಹಳ್ಳಿ ಹೆಣ್ಣುಮಕ್ಕಳಲ್ಲಿ ಬಹಳ ಜನ ತವರು ಬೇಕು, ಗೌರಿ ಹಬ್ಬಕ್ಕೆ ಕರೆಯೋಕೆ ಒಬ್ಬ ಅಣ್ಣ ಬೇಕು ಅಂತ ಜಮೀನನ್ನೇ ಬಿಟ್ಟುಕೊಟ್ಟವರು. ಅವರು ಕೋರ್ಟಿಗೆ ಹೋಗೋದು, ತಮಗೆ ಒಂದು ಮಾತೂ ಹೇಳದೆ ಕಾಗದ ಆಗಿದೆ ಅಂತ ಮೂರನೆಯವರ ಬಾಯಿಂದ ಕೇಳಿದ ದಿನ.

ನಮ್ಮ ಮನೇದು ಹೇಳ್ತೀನಿ. ನಮ್ಮಪ್ಪ 2011ರಲ್ಲಿ ತೀರಿಕೊಂಡರು. ಇದ್ದಿದ್ದು ನಾಲ್ಕು ಎಕರೆ ಹತ್ತು ಗುಂಟೆ, ತೆಂಗು ಮತ್ತು ರಾಗಿ ಹೊಲ ಸೇರಿ. ನಾನು, ಒಬ್ಬಳು ಅಕ್ಕ, ಒಬ್ಬಳು ತಂಗಿ, ಅಮ್ಮ. ಮರುವರ್ಷವೇ ನಾಲ್ಕೂ ಜನದ ಹೆಸರಿಗೆ ಜಂಟಿಯಾಗಿ ಪೌತಿ ಮಾಡಿಸಿದ್ವಿ. ಆಮೇಲೆ ಕೂತು ಮಾತಾಡಿದ್ವಿ. ಒಂದು ದಿನಕ್ಕೆ ಮುಗೀಲಿಲ್ಲ, ಮೂರು ಸಲ ಕೂತ್ವಿ, ಒಂದು ಸಲ ಅಕ್ಕ ಊಟ ಮಾಡದೆ ಎದ್ದುಹೋದಳು. ಕೊನೆಗೆ ಅಕ್ಕ ಜಮೀನೇ ಬೇಕು ಅಂದಳು, ಕೆರೆ ಕಡೆಯ ಒಂದು ಎಕರೆ ಹೊಲ ಅವಳಿಗೆ. ತಂಗಿ ದೂರದಲ್ಲಿದ್ದಾಳೆ, ಅವಳಿಗೆ ದುಡ್ಡು, ಮೂರು ವರ್ಷದ ಕೊಬ್ಬರೀಲಿ ಕಂತಾಗಿ ಕೊಡೋದು. ಅಲ್ಲಿಯವರೆಗೆ ಅವಳ ಹೆಸರು ಪಹಣೀಲಿ ಇರಬೇಕು ಅಂತ ನಾನೇ ಹೇಳಿದೆ. 2015ರಲ್ಲಿ ಕೊನೆ ಕಂತು ಕೊಟ್ಟ ದಿನ ತಂಗಿ ಹಕ್ಕು ಬಿಡುಗಡೆ ಪತ್ರ, ಮಿಕ್ಕವರ ವಿಭಾಗಪತ್ರ ಎರಡೂ ರಿಜಿಸ್ಟರ್ ಆಯ್ತು. ಅಮ್ಮನಿಗೆ ಮನೆ ಹಿಂದಿನ ಇಪ್ಪತ್ತು ಗುಂಟೆ ತೋಟ. ನನಗೆ ಉಳಿದಿದ್ದು ಎರಡು ಎಕರೆ ಮೂವತ್ತು ಗುಂಟೆ.

"ಹೆಣ್ಣುಮಕ್ಕಳಿಗೆ ಹೊಲ ಹಂಚಿದ ಶೂರ" ಅಂತ ಟೀ ಅಂಗಡೀಲಿ ಆಡ್ಕೊಂಡ್ರು. ಅಕ್ಕನ ಹೊಲದ ಬದು ದಾಟುವಾಗ ಈಗಲೂ ಒಂದು ಥರ ಆಗುತ್ತೆ, ಸುಳ್ಳು ಹೇಳೋಲ್ಲ, ಅಲ್ಲಿ ನಾನು ಹದಿನೈದು ವರ್ಷ ರಾಗಿ ಬೆಳೆದಿದ್ದೆ. ಆದರೆ ನನ್ನ ಪಾಲಿನ ಮೇಲೆ ಯಾರ ತಕರಾರೂ ಇಲ್ಲ. ಡ್ರಿಪ್ ಸಬ್ಸಿಡಿ ಬಂತು, ಸೊಸೈಟಿ ಸಾಲ ಸಿಕ್ತು, ಬೆಳೆ ವಿಮೆ ನನ್ನ ಹೆಸರಲ್ಲೇ ಕಟ್ತೀನಿ.

ಅದೇ ನಮ್ಮ ಪಕ್ಕದ ಊರಲ್ಲಿ ಐದು ಎಕರೆ ತೆಂಗಿನ ತೋಟ. ಅಪ್ಪ ಕಿರಿ ಮಗನ ಹೆಸರಿಗೆ ಪೂರ್ತಿ ವಿಲ್ಲು ಬರೆದಿದ್ರು. ವೈಕುಂಠ ಸಮಾರಾಧನೆ ಊಟ ಮುಗಿದ ಮೇಲೆ ಕಾಗದ ಆಚೆ ಬಂತು. ದೊಡ್ಡ ಮಗ, ಮೂವರು ಹೆಣ್ಣುಮಕ್ಕಳು ಸೇರಿ ವಿಭಾಗದ ದಾವೆ ಹಾಕಿದ್ರು. ಒಂಬತ್ತು ವರ್ಷ ಆಯ್ತು. ತಡೆಯಾಜ್ಞೆ ಇರೋದ್ರಿಂದ ಯಾರೂ ಬಂಡವಾಳ ಹಾಕೋಲ್ಲ, ಕೆಟ್ಟ ಮೋಟರು ಎತ್ತಿಸೋರಿಲ್ಲ. ಸುಳಿ ಬಿದ್ದ ಮರಗಳನ್ನ ನೋಡಿದ್ರೆ ಕರುಳು ಚುರುಕ್ ಅನ್ನುತ್ತೆ. ಗೆದ್ದವರಿಗೆ ಏನು ಸಿಗುತ್ತೋ ನೋಡಬೇಕು.

ಹಕ್ಕು ಬಿಡುಗಡೆ ಅಂದೆ. ಅದರಲ್ಲೂ ನಡೆಯೋ ಆಟ ಹೇಳಬೇಕು. ಗೌರಿ ಹಬ್ಬಕ್ಕೆ ಬಾಗಿನ ತಗೊಳ್ಳೋಕೆ ಅಂತ ಬಂದ ಹೆಣ್ಣುಮಕ್ಕಳನ್ನ "ಒಂದು ಸೈನು ಹಾಕಿ ಬರೋಣ ಬಾರಮ್ಮ" ಅಂತ ಕಾರಲ್ಲಿ ಕೂರಿಸಿಕೊಂಡು ಹೋಗ್ತಾರೆ. ಒಂದು ಸೀರೆ, ಐದು ಸಾವಿರ ರೂಪಾಯಿ. ಏನು ಬರೆದಿದೆ ಅಂತ ಓದಿ ಹೇಳೋರಿಲ್ಲ. ಮೋಸ ಅಂತ ಆಮೇಲೆ ಸಾಬೀತು ಮಾಡೋದು ಬಹಳ ಕಷ್ಟ, ರಿಜಿಸ್ಟರ್ ಆದ ಬಿಡುಗಡೆ ಪತ್ರ "ಮನಸ್ಸು ಬದಲಾಯ್ತು" ಅಂದ್ರೆ ವಾಪಸ್ ಬರೋಲ್ಲ. ಈ ಪೇಜು ಓದೋ ಅಕ್ಕಂದಿರು ಕೆಲವರು ಇದೀರಿ, ನಿಮಗೆ ಹೇಳ್ತೀನಿ: ಕಾಗದ ಹಿಂದಿನ ದಿನವೇ ಕೈಗೆ ಕೊಡಿ, ಮನೇಲಿ ಓದಿಸ್ತೀನಿ ಅನ್ನಿ. ಅಷ್ಟು ಕೇಳಿದ್ದಕ್ಕೆ ಮುಖ ಸಣ್ಣ ಮಾಡ್ಕೊಳ್ಳೋ ಅಣ್ಣನ ಕಾಗದಕ್ಕೆ ಸೈನು ಹಾಕೋ ಅವಸರ ಬೇಡ. ಅಣ್ಣಂದಿರಿಗೂ ಒಂದು ಎಚ್ಚರಿಕೆ. ಬಿಳಿ ಹಾಳೆ, ಛಾಪಾ ಕಾಗದದ ಮೇಲೆ ಬರೆಸಿಕೊಂಡು ಪೆಟ್ಟಿಗೇಲಿ ಇಟ್ಟುಕೊಂಡ ಬಿಡುಗಡೆ ಪತ್ರದಿಂದ ಜಮೀನಿನ ಹಕ್ಕು ಬರೋಲ್ಲ, ರಿಜಿಸ್ಟರ್ ಆಗಲೇಬೇಕು. ಅಪ್ಪ ಬದುಕಿರುವಾಗಲೇ ಅವರ ಸ್ವಯಾರ್ಜಿತದಲ್ಲಿ "ಮುಂದೆ ನನಗೆ ಪಾಲು ಬೇಡ" ಅಂತ ಮಗಳ ಕೈಲಿ ಬರೆಸಿಕೊಂಡರೆ ಸಾಮಾನ್ಯವಾಗಿ ಅದೂ ನಿಲ್ಲೋಲ್ಲ, ಇನ್ನೂ ಬಾರದ ಹಕ್ಕನ್ನ ಬಿಡೋದು ಹೇಗೆ? ತಂದೆ ತೀರಿಹೋದ ಚಿಕ್ಕ ಮಕ್ಕಳ ಸ್ವಂತ ಪಾಲನ್ನ ತಾಯಿ ಸೈನು ಹಾಕಿ ಬಿಟ್ಟುಕೊಡೋಕೆ ಬರೋಲ್ಲ, ಕೋರ್ಟಿನ ಅನುಮತಿ ಬೇಕು. ಇಲ್ಲದಿದ್ರೆ ಆ ಮಕ್ಕಳು ದೊಡ್ಡವರಾಗಿ ಬಂದು ಕೇಳ್ತಾರೆ, ಕೇಳಲೂಬೇಕು.

ಹೆಂಡತಿ ವಿಚಾರ ಯಾರೂ ಕೇಳಲಿಲ್ಲ. ಅದೇ ನನಗೆ ಬೇಜಾರು. ಗಂಡ ವಿಲ್ಲು ಬರೆಯದೆ ಹೋದ್ರೆ ಅವನ ಸ್ವಯಾರ್ಜಿತದಲ್ಲಿ ಹೆಂಡತಿಗೆ ಒಬ್ಬೊಬ್ಬ ಮಗ, ಮಗಳಷ್ಟೇ ಸಮ ಪಾಲು. ಗಂಡನ ತಾಯಿ ಬದುಕಿದ್ರೆ ಆಕೆಗೂ ಅಷ್ಟೇ ಪಾಲು, ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ಕಾನೂನು ಕೊಟ್ಟಿದ್ದನ್ನ ನಾವು ವಿಲ್ಲು ಬರೆದು ಕಿತ್ತು ಮಕ್ಕಳಿಗೆ ಕೊಡ್ತೀವಿ. "ಮಗ ನೋಡ್ಕೊತಾನೆ" ಅಂತ ಒಂದು ಸಾಲು ಬರೆಸ್ತೀವಿ. ಆಮೇಲೆ ಆ ತಾಯಿ ಒಂದು ತಿಂಗಳು ದೊಡ್ಡವನ ಮನೆ, ಒಂದು ತಿಂಗಳು ಚಿಕ್ಕವನ ಮನೆ ಅಂತ ಚೀಲ ಹಿಡಿದು ಬಸ್ ಸ್ಟಾಪಲ್ಲಿ ಕೂತಿರ್ತಾಳೆ. ನಲವತ್ತು ವರ್ಷ ಅದೇ ಹೊಲದಲ್ಲಿ ಕಳೆ ಕಿತ್ತವಳು. ನಾನು ಹೇಳೋದು, ಸ್ವಯಾರ್ಜಿತ ಇದ್ದವರು ಮೊದಲು ಹೆಂಡತಿ ಹೆಸರಿಗೆ ಪೂರ್ತಿ ಹಕ್ಕಿನಿಂದ ಬರೀರಿ. "ಜೀವ ಇರೋವರೆಗೆ ಅನುಭವಿಸಿಕೊಂಡು ಇರತಕ್ಕದ್ದು" ಅನ್ನೋ ಸಾಲು ಪತ್ರ ಬರಹಗಾರರು ಅಭ್ಯಾಸಬಲದಿಂದ ಸೇರಿಸಿಬಿಡ್ತಾರೆ, ಅದರಿಂದ ಮುಂದೆ ಬೇರೆ ಥರದ ಕೇಸು ಹುಟ್ಟುತ್ತೆ. ನಾನು ಆಮೇಲೆ ಕ್ರಯಕ್ಕೆ ತಗೊಂಡ ಮೂವತ್ತು ಗುಂಟೆಯನ್ನ ಹೆಂಡತಿಗೆ ಬರೆದಿದೀನಿ, ಮಗನಿಗೂ ಮಗಳಿಗೂ ಓದಿ ಹೇಳಿದೀನಿ. ಮಗ ಒಂದು ವಾರ ಸರಿಯಾಗಿ ಮಾತಾಡ್ಲಿಲ್ಲ, ಈಗ ಸರಿಹೋಗಿದಾನೆ.

ಹೆಂಗಸಿನ ಹೆಸರಿಗೆ ಬಂದ ಆಸ್ತಿ ಅವಳದ್ದೇ. ನಮ್ಮಮ್ಮ ಆ ಇಪ್ಪತ್ತು ಗುಂಟೆಗೆ ತಾನೇ ವಿಲ್ಲು ಬರೆಸಿದಳು, ದುಡ್ಡು ತಗೊಂಡು ಬಿಟ್ಟುಕೊಟ್ಟಿದ್ದಳಲ್ಲ ಆ ತಂಗಿಯ ಮಗಳಿಗೆ. ನನಗೆ ಬರುತ್ತೆ ಅಂತ ಊರವರೆಲ್ಲ ಅಂದುಕೊಂಡಿದ್ರು, ಒಳಗೊಳಗೆ ನಾನೂ ಅಂದುಕೊಂಡಿದ್ದೆ. ಗೌರಿ ಹಬ್ಬದ ದಿನ ಎಲ್ಲರೂ ಊಟಕ್ಕೆ ಕೂತಾಗ ಅಮ್ಮನೇ ಹೇಳಿದಳು. "ನಿಮ್ಮ ಮೂವರಿಗೂ ಕೊಟ್ಟಾಯ್ತು, ಆ ಮಗೂಗೆ ಓದೋಕೆ ಆಸರೆ ಇಲ್ಲ." ಯಾರೂ ಎದುರು ಮಾತಾಡ್ಲಿಲ್ಲ. ಅವಳು ಹೋದ ಮೇಲೆ ಆ ವಿಲ್ಲಿನ ಖಾತೆ ಮಾಡಿಸೋಕೆ ನಾಡಕಚೇರಿಗೆ ಓಡಾಡಿದ್ದೂ ನಾನೇ. ಒಂದು ತಕರಾರು ಅರ್ಜಿ ಬಿದ್ದಿದ್ರೆ ಕಂದಾಯದವರು "ಸಿವಿಲ್ ಕೋರ್ಟಿಗೆ ಹೋಗಿ" ಅಂತ ಫೈಲು ಮುಚ್ಚುತ್ತಿದ್ರು. ಅಮ್ಮ ಮುಂಚೆಯೇ ಎಲ್ಲರೆದುರು ಹೇಳಿದ್ದರಿಂದ ಅದು ಬೀಳಲಿಲ್ಲ.

ವಿಲ್ಲು ಬರೆಸೋದೇ ಆದ್ರೆ ಹೇಗೆ ಅಂತ ಕೇಳಿದವರಿಗೆ. ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ರಿಜಿಸ್ಟರ್ ಕಡ್ಡಾಯ ಅಲ್ಲ, ಆದರೂ ಮಾಡಿಸಿ. ಬರೆದವರು ಸೈನು ಅಥವಾ ಹೆಬ್ಬೆಟ್ಟು ಹಾಕಬೇಕು, ಕಡಿಮೆ ಅಂದ್ರೆ ಇಬ್ಬರು ಸಾಕ್ಷಿಗಳು ಅದನ್ನ ನೋಡಿ ಅವರ ಎದುರಿಗೇ ಸೈನು ಹಾಕಬೇಕು. ಬದುಕಿರೋವರೆಗೆ ಎಷ್ಟು ಸಲ ಬೇಕಾದ್ರೂ ಬದಲಾಯಿಸಬಹುದು, ಕೊನೆಯದೇ ನಿಲ್ಲೋದು. ಮುಂದೆ ಕೋರ್ಟಲ್ಲಿ ವಿಲ್ಲು ಸಾಬೀತು ಮಾಡಬೇಕಾದ್ರೆ ಬದುಕಿರೋ ಸಾಕ್ಷಿ ಒಬ್ಬರಾದ್ರೂ ಬಂದು ಹೇಳಬೇಕು. ನಾವು ನಮ್ಮ ವಾರಿಗೆಯ ಎಂಬತ್ತರ ಮುದುಕರನ್ನ ಸಾಕ್ಷಿ ಹಾಕಿಸ್ತೀವಿ, ವಿಲ್ಲಿಗಿಂತ ಮುಂಚೆ ಸಾಕ್ಷಿಯೇ ಹೋಗಿಬಿಡ್ತಾರೆ. ನಲವತ್ತರೊಳಗಿನ, ಪಾಲಿಗೆ ಸಂಬಂಧ ಇಲ್ಲದ, ಊರಲ್ಲೇ ಇರೋ ಇಬ್ಬರನ್ನ ಹುಡುಕಿ. ವಯಸ್ಸಾದವರಾದ್ರೆ ಅದೇ ದಿನ ಡಾಕ್ಟರ ಹತ್ತಿರ ಬುದ್ಧಿ ಸ್ವಾಧೀನದಲ್ಲಿದೆ ಅಂತ ಒಂದು ಚೀಟಿ ತಗೊಳ್ಳಿ. ಮಗಳಿಗೆ ಕಡಿಮೆ ಕೊಡ್ತಿದ್ರೆ ಯಾಕೆ ಅಂತ ಒಂದು ಸಾಲು ಬರೆಸಿ.

ಮುಖ್ಯವಾಗಿ, ಆಸ್ತಿ ಯಾರಿಗೆ ಹೋಗುತ್ತೋ ಅವನೇ ಪತ್ರ ಬರಹಗಾರನನ್ನ ಕರೆತಂದು, ಅವನೇ ಕಾರು ಮಾಡಿ, ಅವನೇ ಕೈ ಹಿಡಿದು ಹೆಬ್ಬೆಟ್ಟು ಒತ್ತಿಸಬಾರದು. ನಮ್ಮ ಮೈಸೂರು ಸೀಮೆಯಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಎಚ್. ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಜಮ್ಮ ಅವರ ಕೇಸಲ್ಲಿ ಇದೇ ಪ್ರಶ್ನೆ ಬಂದಿತ್ತು. ಲಾಭ ಪಡೆಯೋರೇ ಮುಂದೆ ನಿಂತು ಬರೆಸಿದ ವಿಲ್ಲು ಅನುಮಾನಕ್ಕೆ ಎಡೆ ಮಾಡುತ್ತೆ, ಆ ಅನುಮಾನವನ್ನ ವಿಲ್ಲು ತಂದವರೇ ಹೋಗಲಾಡಿಸಬೇಕು ಅಂತ 1958ರಲ್ಲಿ ಹೇಳಿದ್ರು. ಇವತ್ತಿಗೂ ಯಾವ ವಿಲ್ಲಿನ ಕೇಸಲ್ಲಾದರೂ ವಕೀಲರು ಅದನ್ನೇ ಓದೋದು.

ದಾನಪತ್ರದ ಬಗ್ಗೆ ನನಗೆ ಹೆದರಿಕೆ ಇದೆ. ವಿಲ್ಲು ಸತ್ತ ಮೇಲೆ ನಡೆಯೋದು, ದಾನ ರಿಜಿಸ್ಟರ್ ಆದ ದಿನವೇ ಕೈ ಬಿಟ್ಟಹಾಗೆ. ಮಗನಿಗೆ ದಾನ ಮಾಡಿ ಅವನ ಮನೆ ಜಗಲೀಲಿ ಕೂತ ಅಪ್ಪಂದಿರು ಎಲ್ಲ ಊರಲ್ಲೂ ಇದಾರೆ. ಕೊಡಲೇಬೇಕು ಅನ್ನೋ ಅರವತ್ತು ದಾಟಿದವರು "ನನ್ನನ್ನೂ ನನ್ನ ಹೆಂಡತಿಯನ್ನೂ ಊಟ, ಔಷಧಿ ಕೊಟ್ಟು ನೋಡಿಕೊಳ್ಳಬೇಕು" ಅನ್ನೋ ಷರತ್ತನ್ನ ಪತ್ರದಲ್ಲೇ ಬರೆಸಿ. ನೋಡ್ಕೊಳ್ಳದಿದ್ರೆ 2007ರ ಹಿರಿಯ ನಾಗರಿಕರ ಕಾಯ್ದೆ 23ನೇ ಕಲಂ ಪ್ರಕಾರ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಿ ಅದನ್ನ ರದ್ದು ಮಾಡಿಸಬಹುದು. ಷರತ್ತೇ ಇಲ್ಲದ ಪತ್ರಕ್ಕೆ ಈ ದಾರಿ ಕಷ್ಟ.

ಇನ್ನು ಚಿಲ್ಲರೆ ಪ್ರಶ್ನೆಗಳು. ಬ್ಯಾಂಕಲ್ಲಿ ನಾಮಿನಿ ಇದ್ದವನಿಗೇ ದುಡ್ಡು ಪೂರ್ತಿ ಸೇರುತ್ತಾ? ಬ್ಯಾಂಕು ಅವನ ಕೈಗೆ ಕೊಡುತ್ತೆ, ಆದರೆ ಅವನು ವಾರಸುದಾರರಿಗೆಲ್ಲ ಲೆಕ್ಕ ಕೊಡಬೇಕು. ಎರಡನೇ ಸಂಬಂಧದ ಮಕ್ಕಳಿಗೆ? ಮದುವೆ ಕಾನೂನಲ್ಲಿ ನಿಲ್ಲದಿದ್ರೂ ಮಕ್ಕಳಿಗೆ ತಂದೆ ತಾಯಿಯ ಆಸ್ತೀಲಿ ಪಾಲಿದೆ. ನಮ್ಮ ರಾಜ್ಯದಿಂದಲೇ ಹೋದ ರೇವಣಸಿದ್ದಪ್ಪ ಕೇಸಲ್ಲಿ 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು, ಒಟ್ಟು ಆಸ್ತೀಲಿ ಆ ತಂದೆಗೆ ಬರೋ ಪಾಲಲ್ಲೂ ಅವರಿಗೆ ಹಕ್ಕಿದೆ, ಆದರೆ ಚಿಕ್ಕಪ್ಪ ದೊಡ್ಡಪ್ಪಂದಿರ ಪಾಲಲ್ಲಿ ಇಲ್ಲ ಅಂದಿದೆ. ಇದೆಲ್ಲ ಹಿಂದೂಗಳ ಲೆಕ್ಕ. ಮುಸ್ಲಿಂ ಸ್ನೇಹಿತರಿಗೆ ವಿಲ್ಲು ಆಸ್ತಿಯ ಮೂರನೇ ಒಂದು ಭಾಗಕ್ಕೆ ಮಾತ್ರ, ಜಾಸ್ತಿಗೆ ವಾರಸುದಾರರು ಒಪ್ಪಬೇಕು. ಕ್ರಿಶ್ಚಿಯನ್ನರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ.

ಒಬ್ಬ ತಾಯಿ ಫೋನು ಮಾಡಿದ್ರು, ಕೇಳಿದವರಲ್ಲಿ ಅವರೊಬ್ಬರೇ ಹೆಂಗಸು. ಬುದ್ಧಿಮಾಂದ್ಯ ಮಗ, ಮೂವತ್ತು ವರ್ಷ. "ನಾನು ಹೋದಮೇಲೆ ಇವನ ಪಾಲನ್ನ ಯಾರು ಕಾಯ್ತಾರಪ್ಪ?" ಇಂಥವರಿಗೆ ಟ್ರಸ್ಟು ಅನ್ನೋದು ಶ್ರೀಮಂತರ ಮಾತು ಅಂತ ಅನ್ನಿಸುತ್ತೆ, ಆದರೆ ನಿಜವಾಗಿ ಬೇಕಾಗಿರೋದು ಇವರಿಗೇ. ಮಗನ ಹೆಸರಿಗೆ ನೇರ ಬರೆದರೆ ಸೈನು ಹಾಕಿಸಿಕೊಂಡು ಹೋಗೋರೇ ಜಾಸ್ತಿ. ನಂಬಿಕೆಯ ಇಬ್ಬರು ಮೂವರನ್ನ ಟ್ರಸ್ಟಿ ಮಾಡಿ, ಈ ಮನೆ, ಈ ದುಡ್ಡು ಇವನ ಊಟ ಔಷಧಿಗೇ ಖರ್ಚಾಗಬೇಕು ಅಂತ ರಿಜಿಸ್ಟರ್ ಪತ್ರದಲ್ಲೋ ವಿಲ್ಲಿನಲ್ಲೋ ಬರೆಯೋಕೆ 1882ರ ಟ್ರಸ್ಟ್ ಕಾಯ್ದೆಯಲ್ಲಿ ದಾರಿ ಇದೆ. ಮಗನಿಗೆ ಕಾನೂನುಬದ್ಧ ಪೋಷಕರನ್ನ ನೇಮಿಸೋಕೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಪ್ರಕಾರ ಜಿಲ್ಲೆ ಮಟ್ಟದಲ್ಲಿ ಒಂದು ಸಮಿತಿ ಇರುತ್ತೆ, ಜಿಲ್ಲಾಧಿಕಾರಿ ಕಚೇರೀಲಿ ವಿಚಾರಿಸಬೇಕು. ಆ ತಾಯಿಗೆ ಹೀಗೇ ಹೇಳಿದೀನಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಹೋಗೋಕೆ ಹೇಳಿದೀನಿ, ಹೆಂಗಸರಿಗೆ ಅಲ್ಲಿ ವಕೀಲರ ಸಹಾಯ ಪುಕ್ಕಟೆ.

ಕೊನೆಗೆ, ಪೌತಿಗೆ ಏನೇನು ಬೇಕು ಅಂತ ಮತ್ತೆ ಮತ್ತೆ ಕೇಳ್ತಿರೋರಿಗೆ. ತೀರಿಹೋದವರ ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ಎಲ್ಲ ವಾರಸುದಾರರ ಆಧಾರ್. ಅರ್ಜಿ ನಾಡಕಚೇರೀಲಿ. ತೀರಿಕೊಂಡ ಮೂರು ತಿಂಗಳೊಳಗೆ ತಿಳಿಸಬೇಕು ಅಂತ ಕಂದಾಯ ಕಾಯ್ದೆ 128ನೇ ಕಲಂ ಹೇಳುತ್ತೆ, ನಾವು ಮೂವತ್ತು ವರ್ಷ ತಾತನ ಹೆಸರಲ್ಲೇ ಇಟ್ಕೊಂಡಿರ್ತೀವಿ. ಪಿಎಂ ಕಿಸಾನ್ ಬಗ್ಗೆ ಕೇಳಿದವರಿಗೆ, 2019ರ ಫೆಬ್ರವರಿ 1ರ ನಂತರ ಜಮೀನು ಹೆಸರಿಗೆ ಬಂದವರಿಗೆ ಕೊಡೋಲ್ಲ, ಆದರೆ ಮನೆಯವರು ತೀರಿಹೋಗಿ ವಾರಸಿನಿಂದ ಬಂದ ಖಾತೆಗೆ ಕೊಡ್ತಾರೆ. ವಂಶವೃಕ್ಷದ ಅರ್ಜಿ ಬರೆಯುವಾಗ ಹೆಣ್ಣುಮಕ್ಕಳ ಹೆಸರು ಬಿಟ್ಟು ಬರೆಯೋಕೆ ಯಾರಾದ್ರೂ ಸಲಹೆ ಕೊಟ್ರೆ ಅಲ್ಲಿಂದ ಎದ್ದು ಬನ್ನಿ. ಅದು ಸುಳ್ಳು ಪ್ರಮಾಣ, ಮುಂದೆ ಕ್ರಿಮಿನಲ್ ಕೇಸಾಗುತ್ತೆ.

ಇದೇ ಭಾನುವಾರ ನಮ್ಮೂರಲ್ಲಿ ಒಂದು ಮನೆ ಪಾಲಿಗೆ ಕೂತ್ಕೋತಾ ಇದೀವಿ, ಮೂವರು ಹೆಣ್ಣುಮಕ್ಕಳೂ ಬರ್ತಿದಾರೆ. ಅದಾದ ಮೇಲೆ 11ಇ ನಕ್ಷೆ, ಪೋಡಿ ಬಗ್ಗೆ ಬರೀತೀನಿ.